ಪಾರ್ಟಿಶನ್ ಕಿತ್ತುಹಾಕಿದರೆ ಜನ ಹೆಚ್ಚು ಮಾತಾಡ್ತಾರಾ? ಪ್ಯಾಂಟ್ರಿ, ಓಡಾಟದ ದಾರಿ, ಸೀಟುಗಳ ಬಗ್ಗೆ ಸಲಹೆ ಬೇಕು

ಅಡ್ಮಿನ್_ಮೇಜು:

ಎಲ್ಲರಿಗೂ ನಮಸ್ಕಾರ. 160 ಜನರ ಕಚೇರಿಯ ಒಳವಿನ್ಯಾಸ ಬದಲಾಯಿಸುವ ಕೆಲಸ ಶುರುವಾಗುತ್ತಿದೆ. ಒಂದರ ಮೇಲೊಂದು ಎರಡು ಮಹಡಿ, ಮಹಡಿಗೆ ಸುಮಾರು 80 ಜನ. ಪ್ರತಿ ಮಹಡಿ 40 ಮೀಟರ್ ಉದ್ದ, 18 ಮೀಟರ್ ಅಗಲ. ಲಿಫ್ಟ್, ಮೆಟ್ಟಿಲು, ಶೌಚಾಲಯ ಎಲ್ಲ ಪೂರ್ವದ ತುದಿಯಲ್ಲಿವೆ. ಪ್ಯಾಂಟ್ರಿ ಪಶ್ಚಿಮದ ತುದಿಯಲ್ಲಿ, ಬಾಗಿಲಿರುವ ಸಣ್ಣ ಕೋಣೆ, ಒಳಗೆ ಒಂದೇ ಕಾಫಿ ಮಷೀನು. ಡೆಸ್ಕುಗಳ ನಡುವೆ 1.5 ಮೀಟರ್ ಎತ್ತರದ ಪಾರ್ಟಿಶನ್ ಇದೆ.

ಮೇಲಿನವರ ದೂರು ಇದು: ಬೇರೆ ಬೇರೆ ತಂಡದವರು ಪರಸ್ಪರ ಮಾತಾಡುವುದೇ ಇಲ್ಲ, ಐದು ನಿಮಿಷದಲ್ಲಿ ಮುಗಿಯುವ ವಿಷಯಕ್ಕೂ ಮೀಟಿಂಗ್ ಇಡ್ತಾರೆ. ಅವರ ಪರಿಹಾರ: ಪಾರ್ಟಿಶನ್ ಪೂರ್ತಿ ತೆಗೆಯುವುದು, ಕಿಟಕಿ ಪಕ್ಕದ ಖಾಲಿ ಮೂಲೆಯಲ್ಲಿ ಸೋಫಾ ಹಾಕುವುದು, ಒಂದು ಗೋಡೆಗೆ ಬಣ್ಣ ಹೊಡೆಯುವುದು. ಇದು ಕೆಲಸ ಮಾಡುತ್ತಾ? ಪ್ಯಾಂಟ್ರಿಯನ್ನು ಮಹಡಿಯ ಮಧ್ಯಕ್ಕೆ ತರಬೇಕಾ? ಎರಡು ಮಹಡಿಯವರನ್ನು ಬೆರೆಸೋದು ಹೇಗೆ?

ನಕ್ಷೆಗಾರ:

ಮೊದಲು ಪಾರ್ಟಿಶನ್ ವಿಷಯ, ಯಾಕೆಂದರೆ ದುಡ್ಡು ಹೆಚ್ಚು ಹೋಗುವುದೂ ಫಲ ಕಡಿಮೆ ಬರುವುದೂ ಅಲ್ಲೇ. ಹಾರ್ವರ್ಡ್‌ನ ಈಥನ್ ಬರ್ನ್‌ಸ್ಟೀನ್ ಮತ್ತು ಸ್ಟೀಫನ್ ಟರ್ಬನ್ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ದೊಡ್ಡ ಕಂಪನಿಗಳ ಮುಖ್ಯ ಕಚೇರಿಗಳನ್ನು ಅಳೆದರು, ಗೋಡೆ ತೆಗೆಯುವ ಮೊದಲು ಒಮ್ಮೆ, ತೆಗೆದ ಮೇಲೆ ಒಮ್ಮೆ. ನೌಕರರ ಕೊರಳಲ್ಲಿ ಸೆನ್ಸರ್ ಬ್ಯಾಡ್ಜ್ ಇತ್ತು, ಯಾರು ಯಾರ ಎದುರು ನಿಂತು ಮಾತಾಡಿದರು ಅನ್ನುವುದು ದಾಖಲಾಗುತ್ತಿತ್ತು. ಗೋಡೆ ಹೋದ ಮೇಲೆ ಮುಖಾಮುಖಿ ಮಾತು ಸುಮಾರು 70 ಪ್ರತಿಶತ ಇಳಿಯಿತು, ಇಮೇಲು ಮತ್ತು ಚಾಟ್ ಏರಿತು. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಸುತ್ತಲಿನ ಇಪ್ಪತ್ತು ಜನಕ್ಕೆ ಕೇಳುತ್ತದೆ ಅಂತ ಗೊತ್ತಿದ್ದರೆ ಯಾರೂ ಅರ್ಧಂಬರ್ಧ ಯೋಚನೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೆಡ್‌ಫೋನ್ ಹಾಕಿಕೊಂಡು ಚಾಟ್‌ನಲ್ಲಿ ಟೈಪ್ ಮಾಡುತ್ತಾರೆ. ಎಲ್ಲ ಕಚೇರಿಯಲ್ಲೂ ಇಷ್ಟೇ ಇಳಿಯುತ್ತದೆ ಅಂತ ಅರ್ಥ ಅಲ್ಲ, ಆದರೆ "ಗೋಡೆ ತೆಗೆದರೆ ಮಾತು ಬರುತ್ತದೆ" ಅನ್ನುವ ನಂಬಿಕೆಗೆ ಆಧಾರ ಇಲ್ಲ ಅನ್ನುವುದು ಸ್ಪಷ್ಟ.

ಆಕಸ್ಮಿಕ ಮಾತು ಹುಟ್ಟಬೇಕಾದರೆ ಮೂರು ಸಂಗತಿ ಒಟ್ಟಿಗೆ ಬೇಕು. ಜನರ ದಾರಿಗಳು ಸೇರಬೇಕು. ಅಲ್ಲಿ ನಿಲ್ಲಲು ನೆಪ ಬೇಕು. ಮಾತು ಎಷ್ಟು ಜನಕ್ಕೆ ಕೇಳಬೇಕು ಅನ್ನುವುದು ಮಾತಾಡುವವರ ಹಿಡಿತದಲ್ಲಿರಬೇಕು. ನಾಲ್ಕನೆಯದೂ ಒಂದಿದೆ, "ಇಲ್ಲಿ ನಿಂತು ಮಾತಾಡಿದರೆ ಯಾರೂ ಏನೂ ಅನ್ನಲ್ಲ" ಅನ್ನುವ ಧೈರ್ಯ. ಅದು ನಕ್ಷೆಯಲ್ಲಿ ಬರೆಯುವಂಥದ್ದಲ್ಲ, ಬೇರೆಯವರು ಹೇಳಲಿ.

ನಿಮ್ಮ ನಕ್ಷೆಯಲ್ಲಿ ದಾರಿಯೇ ಸೇರುತ್ತಿಲ್ಲ. ಎಲ್ಲರೂ ದಿನಕ್ಕೆ ನಾಲ್ಕಾರು ಸಲ ಪೂರ್ವದ ತುದಿಗೆ ಹೋಗಲೇಬೇಕು, ಪ್ಯಾಂಟ್ರಿ ಅದರ ವಿರುದ್ಧ ತುದಿಯಲ್ಲಿದೆ. ಪೂರ್ವದಲ್ಲಿ ಕೂರುವವರಿಗೆ ಹೋಗಿಬರಲು 80 ಮೀಟರ್ ನಡಿಗೆ, ಹಾಗಾಗಿ ಬಾಟಲಿ ತಂದುಕೊಂಡು ಕೂತಿರುತ್ತಾರೆ. ಎಂಐಟಿಯ ಥಾಮಸ್ ಅಲೆನ್ 1970ರ ದಶಕದಲ್ಲಿ ಎಂಜಿನಿಯರುಗಳ ಸಂವಾದ ಅಳೆದು ತೋರಿಸಿದ ರೇಖೆ ಇವತ್ತಿಗೂ ಉಪಯೋಗಕ್ಕೆ ಬರುತ್ತದೆ: ಸೀಟುಗಳ ನಡುವಿನ ದೂರ ಮೊದಲ ಹತ್ತು ಮೀಟರ್ ದಾಟುವುದರೊಳಗೇ ಮಾತಿನ ಸಂಭವ ಧಡ್ ಅಂತ ಬೀಳುತ್ತದೆ, 50 ಮೀಟರ್ ಆದಮೇಲೆ ವಾರಕ್ಕೊಂದು ಮಾತೂ ಅಪರೂಪ. ದೂರ ಅಂದರೆ ಇಲ್ಲಿ ನಡೆಯುವ ದಾರಿ, ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಎಳೆದ ಗೆರೆ ಅಲ್ಲ.

ನನ್ನ ಸಲಹೆ, ಖರ್ಚಿನ ಕ್ರಮದಲ್ಲಿ:

ಖರ್ಚೇ ಇಲ್ಲದ್ದು ಸೀಟು ಬದಲಾವಣೆ. ಯಾವ ಎರಡು ತಂಡಗಳ ನಡುವೆ ಕೆಲಸ ಹೆಚ್ಚು ಓಡಾಡುತ್ತದೋ ಅವುಗಳ ಅಂಚು ಒಂದಕ್ಕೊಂದು ತಾಗುವ ಹಾಗೆ ಕೂರಿಸಿ. ತಂಡಗಳನ್ನು ಪೂರ್ತಿ ಕಲಸಿಬಿಡಬೇಡಿ, ಆಗ ತಂಡದೊಳಗಿನ ಮಾತೂ ಹೋಗುತ್ತದೆ. ಎರಡೂ ತಂಡಕ್ಕೆ ಸೇರಿದ ಕೆಲಸ ಮಾಡುವ ಒಬ್ಬಿಬ್ಬರು ಆ ಅಂಚಿನಲ್ಲಿದ್ದರೆ ಸಾಕು.

ಎರಡನೆಯದು, ಪ್ಯಾಂಟ್ರಿಯನ್ನು ಮಧ್ಯಕ್ಕೆ ತರುವುದು. ಬಾಗಿಲು ಬೇಡ, ಮುಖ್ಯ ದಾರಿಗೆ ತೆರೆದಿರಲಿ. ಆದರೆ ಮುಖ್ಯ ದಾರಿಯೇ ಅದರೊಳಗೆ ಹಾದುಹೋಗಬಾರದು, ಪಕ್ಕದಲ್ಲಿ ಹೋಗಬೇಕು. ಹಾದುಹೋಗುವವರು ಒಳಗೆ ಯಾರಿದ್ದಾರೆ ಅಂತ ನೋಡಬಹುದು, ಬೇಕಿದ್ದರೆ ತಿರುಗಬಹುದು, ಬೇಡದಿದ್ದರೆ ಮುಂದೆ ಹೋಗಬಹುದು. ಈ ಆಯ್ಕೆ ಉಳಿಯದಿದ್ದರೆ ಜನ ಆ ಹೊತ್ತಿಗೆ ಬರುವುದನ್ನೇ ತಪ್ಪಿಸುತ್ತಾರೆ.

ಕೌಂಟರ್ ಆಳ 60 ಸೆಂಟಿಮೀಟರ್. ಅದರ ಮುಂದೆ ಸಾಲಿಗೆ 1.2 ಮೀಟರ್, ಹಾದುಹೋಗಲು ಮತ್ತೆ 1.2 ಮೀಟರ್. ಕಾರಿಡಾರ್ 1.2 ಮೀಟರ್ ಇದ್ದರೆ ಇಬ್ಬರು ನಿಂತ ಕೂಡಲೇ ದಾರಿ ಕಟ್ಟುತ್ತದೆ, ಮೂರನೆಯವರು "ಸ್ವಲ್ಪ ಜಾಗ" ಅನ್ನುತ್ತಾರೆ, ಮಾತು ಅಲ್ಲಿಗೆ ಮುಗಿಯಿತು. ನಿಲ್ಲಬೇಕು ಅಂತ ನೀವು ಬಯಸುವ ಜಾಗದಲ್ಲಿ ಮಾತ್ರ ಅಗಲವನ್ನು 2.2ರಿಂದ 2.4 ಮೀಟರಿಗೆ ಹಿಗ್ಗಿಸಿ. ಉಳಿದ ಉದ್ದಕ್ಕೂ 1.5 ಸಾಕು.

ನಿಂತು ಮಾತಾಡುವ ಮೇಜು 105ರಿಂದ 110 ಸೆಂಟಿಮೀಟರ್ ಎತ್ತರ, 60-70 ಸೆಂಟಿಮೀಟರ್ ವ್ಯಾಸ. ಇದಕ್ಕಿಂತ ದೊಡ್ಡದಾದರೆ ಎದುರುಬದುರು ನಿಂತವರ ನಡುವೆ 1.2 ಮೀಟರಿಗಿಂತ ಹೆಚ್ಚು ಅಂತರ ಬಿದ್ದು ದನಿ ಏರುತ್ತದೆ. ವೈಯಕ್ತಿಕ ಅಂತರ ಮುಗಿದು ವ್ಯವಹಾರದ ಅಂತರ ಶುರುವಾಗುವುದು ಅಲ್ಲಿಂದ ಅಂತ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ 1960ರ ದಶಕದಲ್ಲೇ ಗುರುತಿಸಿದ್ದ. ಒಂದು ಮೇಜಾದರೂ 75 ಸೆಂಟಿಮೀಟರ್ ಎತ್ತರದ್ದು, ಕೆಳಗೆ ಕಾಲಿಗೆ ಜಾಗ ಇರುವಂಥದ್ದು ಬೇಕು. ಗಾಲಿಕುರ್ಚಿಯವರು, ಮಂಡಿ ನೋವಿನವರು, ಗರ್ಭಿಣಿಯರು ಎತ್ತರದ ಮೇಜಿನ ಮುಂದೆ ಹೊರಗಿನವರಾಗಿಬಿಡುತ್ತಾರೆ.

ಕಿಟಕಿ ಮೂಲೆಯ ಸೋಫಾ ಖಾಲಿ ಬಿದ್ದಿರುತ್ತದೆ ಅಂತ ಈಗಲೇ ಹೇಳಬಲ್ಲೆ. ಅದು ಕುರುಡು ಮೂಲೆ, ಯಾರಿಗೂ ದಾರಿಯಲ್ಲಿ ಸಿಗುವುದಿಲ್ಲ. ಅಲ್ಲಿಗೆ ಹೋಗುವುದೇ "ನಾನು ಈಗ ಕೆಲಸ ಮಾಡುತ್ತಿಲ್ಲ" ಅಂತ ಇಡೀ ಮಹಡಿಗೆ ಸಾರಿದ ಹಾಗೆ. ಸೋಫಾ ಬೇಕೇ ಬೇಕು ಅಂದರೆ ಎದುರುಬದುರು ಹಾಕಬೇಡಿ, ಎಲ್ ಆಕಾರದಲ್ಲಿ ಹಾಕಿ. ಮೂಲೆಗೆ ಮೂಲೆ ಕೂತವರು ನೋಡಬೇಕೆನಿಸಿದಾಗ ನೋಡುತ್ತಾರೆ, ಬೇಡವೆನಿಸಿದಾಗ ಕಣ್ಣು ಬೇರೆಡೆ ಇಡಲು ಆಗುತ್ತದೆ.

ಗೋಡೆಗೆ ಯಾವ ಬಣ್ಣವಾದರೂ ಹೊಡೆಯಿರಿ.

ಡೆಸಿಬಲ್:

ನಕ್ಷೆಗಾರರ ಮಾತಿಗೆ ಸೇರಿಸುವುದು ಸದ್ದಿನ ಲೆಕ್ಕ. ಪ್ಯಾಂಟ್ರಿ ಮಧ್ಯಕ್ಕೆ ಬಂದ ಕಚೇರಿಗಳಲ್ಲಿ ಕೆಲವೇ ದಿನದಲ್ಲಿ ಪಕ್ಕದ ಸೀಟಿನವರ ದೂರು ಬರುತ್ತದೆ, ಆಮೇಲೆ "ದಯವಿಟ್ಟು ಮೆಲ್ಲಗೆ ಮಾತಾಡಿ" ಅನ್ನುವ ಬೋರ್ಡು ಬರುತ್ತದೆ. ಬೋರ್ಡು ಬಂದ ದಿನ ನಿಮ್ಮ ಯೋಜನೆ ಸತ್ತಿತು ಅಂತ ತಿಳಿಯಿರಿ.

ಸಾಮಾನ್ಯ ಮಾತು ಒಂದು ಮೀಟರ್ ದೂರದಲ್ಲಿ ಸುಮಾರು 60 ಡೆಸಿಬಲ್. ಅಡೆತಡೆ, ಪ್ರತಿಫಲನ ಏನೂ ಇಲ್ಲದ ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ 6 ಡೆಸಿಬಲ್ ಇಳಿಯುತ್ತದೆ. ಗಾಜು, ಟೈಲ್ಸ್, ಬರಿ ಕಾಂಕ್ರೀಟ್ ಸೀಲಿಂಗ್ ಇರುವ ಹಾಲಿನಲ್ಲಿ ಅಷ್ಟೂ ಇಳಿಯುವುದಿಲ್ಲ. ತೆರೆದ ಕಚೇರಿಯ ಸದ್ದು ಅಳೆಯಲು ಐಎಸ್ಒ 3382 ಅನ್ನುವ ಅಂತರರಾಷ್ಟ್ರೀಯ ಮಾನದಂಡದ 3ನೇ ಭಾಗ ಇದೆ. ಅದರ 2012ರ ಆವೃತ್ತಿ ಒಳ್ಳೆಯ ಕಚೇರಿಗೆ ಕೊಡುವ ಗುರುತು: ದೂರ ಇಮ್ಮಡಿಯಾದರೆ ಮಾತಿನ ಸದ್ದು 7 ಡೆಸಿಬಲ್ ಅಥವಾ ಹೆಚ್ಚು ಇಳಿಯಬೇಕು, 4 ಮೀಟರ್‌ನಲ್ಲಿ 48 ಮೀರಬಾರದು, 5 ಮೀಟರ್ ಆಚೆ ಮಾತಿನ ಪದಗಳು ಬಿಡಿಬಿಡಿಯಾಗಿ ಅರ್ಥವಾಗಿ ಗಮನ ಸೆಳೆಯಬಾರದು. ಕೆಟ್ಟ ಕಚೇರಿಯಲ್ಲಿ ಆ ಕೊನೆಯ ಅಂತರ 10 ಮೀಟರ್ ದಾಟುತ್ತದೆ. ಗಮನಿಸಿ, ತೊಂದರೆ ಕೊಡುವುದು ಬರಿ ಸದ್ದಲ್ಲ, ಅರ್ಥವಾಗುವ ಮಾತು. ಏಸಿಯ ಮೊರೆತಕ್ಕೆ ಜನ ಹೊಂದಿಕೊಳ್ಳುತ್ತಾರೆ, ಪಕ್ಕದವರ ಮದುವೆ ಮಾತುಕತೆಗೆ ಹೊಂದಿಕೊಳ್ಳಲು ಆಗುವುದಿಲ್ಲ.

ಹಾಗಾಗಿ:

ಪ್ಯಾಂಟ್ರಿ ಮತ್ತು ಮೊದಲ ಡೆಸ್ಕಿನ ನಡುವೆ 5ರಿಂದ 8 ಮೀಟರ್ ಬಿಡಿ. ಅದನ್ನು ಖಾಲಿ ಬಿಡಬೇಕಿಲ್ಲ, ಪ್ರಿಂಟರು, ಲಾಕರು, ಫೈಲ್ ಕಪಾಟು, ಸಣ್ಣ ಮೀಟಿಂಗ್ ರೂಮು ಅಲ್ಲಿಗೆ ತಂದು ನಿಲ್ಲಿಸಿ. ಪ್ರವೇಶ ನೇರವಾಗಿರದೆ ಒಂದು ತಿರುವು ಪಡೆಯಲಿ. ನಿಂತವರ ಬಾಯಿಂದ ಕೂತವರ ಕಿವಿಗೆ ನೇರ ಗೆರೆ ಎಳೆಯಲು ಬರಬಾರದು.

ಮೇಲೆ ಸದ್ದು ಹೀರುವ ಸೀಲಿಂಗ್, ಹೀರುವಿಕೆ 0.90 ಅಥವಾ ಹೆಚ್ಚು, ಅಂದರೆ ತಾಗಿದ ಸದ್ದಿನಲ್ಲಿ ಸುಮಾರು 90 ಪ್ರತಿಶತ ಹೀರುವಂಥದ್ದು. ದುಡ್ಡು ಕಮ್ಮಿ ಇದ್ದರೆ ಇಡೀ ಮಹಡಿಗೆ ಕಳಪೆ ಶೀಟು ಹಾಕುವ ಬದಲು ಪ್ಯಾಂಟ್ರಿ ಮೇಲೂ ಅದರ ಸುತ್ತ 5 ಮೀಟರ್‌ವರೆಗೂ ಒಳ್ಳೆಯದು ಹಾಕಿ. ಗೋಡೆಯೂ ನೆಲವೂ ಗಟ್ಟಿ ಮೇಲ್ಮೈ ಆಗಿದ್ದರೆ ಹತ್ತು ಜನ ಸೇರಿದಾಗ ಪ್ರತಿಯೊಬ್ಬರೂ ಉಳಿದವರಿಗಿಂತ ಸ್ವಲ್ಪ ಜೋರಾಗಿ ಮಾತಾಡುತ್ತಾ ಹೋಗುತ್ತಾರೆ, ಸದ್ದು ತಾನಾಗಿ ಮೇಲೇರುತ್ತದೆ.

ಪಾರ್ಟಿಶನ್ ಬಗ್ಗೆ: ಕೂತವರ ಕಣ್ಣು ನೆಲದಿಂದ ಸುಮಾರು 1.2 ಮೀಟರ್ ಎತ್ತರದಲ್ಲಿರುತ್ತದೆ. 1.1 ಮೀಟರಿಗೆ ಇಳಿಸಿದರೆ ಇಡೀ ದಿನ ಎದುರಿನವರ ಮುಖ ಕಾಣುತ್ತಿರುತ್ತದೆ, ಸದ್ದಿಗೂ ತಡೆ ಇರುವುದಿಲ್ಲ. ಎರಡು ಲೋಕದಲ್ಲೂ ನಷ್ಟ. ತಂಡದೊಳಗಿನ ಸಾಲುಗಳಲ್ಲಿ 1.2ಕ್ಕೆ ಇಳಿಸಿ, ತಂಡದ ಹೊರ ಅಂಚಿನಲ್ಲಿ 1.4-1.5 ಹಾಗೇ ಉಳಿಸಿ. ಕೂತಾಗ ಮರೆ, ನಿಂತರೆ ಎಲ್ಲರೂ ಕಾಣುತ್ತಾರೆ.

ಇಬ್ಬರು ಕೂರುವ ಫೋನ್ ಬೂತ್ ಎರಡು ಮೂರು ಹಾಕಿ, ಡೆಸ್ಕಿನಿಂದ ಹದಿನೈದು ಹೆಜ್ಜೆಯೊಳಗೆ. ಅದರಲ್ಲಿ ಗಾಳಿ ಎಳೆಯುವ ಫ್ಯಾನ್ ಇದೆಯೇ ಅಂತ ಕೊಳ್ಳುವ ಮೊದಲು ನೋಡಿ. ಫ್ಯಾನ್ ಇಲ್ಲದ ಬೂತಿನಲ್ಲಿ ಹತ್ತು ನಿಮಿಷಕ್ಕೆ ಉಸಿರು ಕಟ್ಟಿದಂತಾಗಿ ಜನ ಬಾಗಿಲು ತೆರೆದಿಟ್ಟು ಮಾತಾಡುತ್ತಾರೆ.

ಅಡ್ಮಿನ್_ಮೇಜು:

ಇಬ್ಬರಿಗೂ ಧನ್ಯವಾದ. ಇಷ್ಟು ವಿವರ ನಿರೀಕ್ಷಿಸಿರಲಿಲ್ಲ. ಒಂದು ತೊಡಕು ಇದೆ: ಮಹಡಿಯ ಮಧ್ಯದಲ್ಲಿ ಡ್ರೈನ್ ಇಲ್ಲ. ನೀರಿನ ಶಾಫ್ಟ್ ಎರಡು ತುದಿಯಲ್ಲಿ ಮಾತ್ರ. ಕೆಳಮಹಡಿಯ ಕೆಳಗೆ ಬೇರೆ ಸಂಸ್ಥೆ ಇದೆ, ಅವರ ಸೀಲಿಂಗ್‌ನಲ್ಲಿ ಪೈಪ್ ಎಳೆಯಲು ಒಪ್ಪುವುದಿಲ್ಲ. ಕಾಫಿ ಮಷೀನು ಮಹಡಿಗೆ ಒಂದೇ ಸಾಕಾ, ಅಥವಾ ನಾಲ್ಕು ಕಡೆ ಸಣ್ಣ ಸಣ್ಣದು ಇಡೋದಾ?

ಪೈಪ್‌ಲೈನ್:

ಮಧ್ಯ ಬಿಡಿ. ಸಿಂಕಿನ ಪೈಪಿಗೆ 40ಕ್ಕೆ 1 ಇಳಿಜಾರು ಹಿಡಿದರೆ 20 ಮೀಟರಿಗೆ 50 ಸೆಂಟಿಮೀಟರ್ ಇಳಿಯಬೇಕು. ನೆಲ ಎತ್ತರಿಸದೆ ಆಗುವುದಿಲ್ಲ. ಇಳಿಜಾರು ಕಡಿಮೆ ಮಾಡಿದರೆ ಕಾಫಿ ಚರಟ, ಹಾಲಿನ ಜಿಡ್ಡು ಪೈಪಿನಲ್ಲೇ ಕೂತು ಕೆಲ ತಿಂಗಳಲ್ಲಿ ವಾಸನೆ ಶುರು.

ಪೂರ್ವದ ಶಾಫ್ಟಿನಿಂದ 8-10 ಮೀಟರ್ ಒಳಗೆ, ಉದ್ದ ಗೋಡೆಗೆ ತಾಗಿಸಿ ಪ್ಯಾಂಟ್ರಿ ಇಡಿ. ಸಿಂಕಿನ ಕೆಳಗಿನ ಹೊರಹರಿವು ನೆಲದಿಂದ ಸುಮಾರು 45 ಸೆಂಟಿಮೀಟರ್ ಮೇಲಿರುತ್ತದೆ. ಅಲ್ಲಿಂದ ಗೋಡೆಗುಂಟ ಪೈಪ್ ಎಳೆದರೆ 10 ಮೀಟರಿಗೆ ಬೇಕಾದ 25 ಸೆಂಟಿಮೀಟರ್ ಇಳಿಜಾರು ಆರಾಮಾಗಿ ಸಿಗುತ್ತದೆ, ನೆಲ ಒಡೆಯುವ ಕೆಲಸ ಇಲ್ಲ. ಷರತ್ತು ಒಂದೇ: ಆ ಗೋಡೆಯಲ್ಲಿ ನಡುವೆ ಬಾಗಿಲು ಇರಬಾರದು. ಪೈಪಿಗೆ ಮುಚ್ಚಳದ ಪೆಟ್ಟಿಗೆ ಮಾಡಿಸಿ, ತಿರುವಿದ್ದಲ್ಲೆಲ್ಲ ಬಿಚ್ಚಿ ಸ್ವಚ್ಛ ಮಾಡುವ ಬಾಯಿ ಬಿಡಿಸಿ. ಪಂಪ್ ಹಾಕಿ ಎತ್ತಿ ಹರಿಸಬಹುದು, ಆದರೆ ಪಂಪ್ ಕೆಟ್ಟ ದಿನ ಕೌಂಟರಿನ ಕೆಳಗೆ ಕೆರೆ. ನಾನಾಗಿದ್ದರೆ ಹಾಕುವುದಿಲ್ಲ.

ನಕ್ಷೆಗಾರ:

ಪೈಪ್‌ಲೈನ್ ಸರ್ ಹೇಳಿದ ಜಾಗವೇ ನಾನು ಹೇಳಿದ ಮಧ್ಯಕ್ಕಿಂತ ಒಳ್ಳೆಯದು. ಶೌಚಾಲಯಕ್ಕೂ ಲಿಫ್ಟಿಗೂ ಹೋಗುವ ಎಲ್ಲರೂ ಅಲ್ಲೇ ಹಾದುಹೋಗುತ್ತಾರೆ, ಪಶ್ಚಿಮದವರು ಕಾಫಿಗೆ ಅಂತಲೇ ಬೇರೆ ಪ್ರಯಾಣ ಮಾಡಬೇಕಿಲ್ಲ. ಶೌಚಾಲಯದ ಬಾಗಿಲಿಗೆ ಮಾತ್ರ ನೇರ ಎದುರು ಬೇಡ.

ಮಷೀನಿನ ಲೆಕ್ಕ: ನಾಲ್ಕು ಕಡೆ ಹರಡಿದರೆ ತಂಡಕ್ಕೊಂದು ಮಷೀನಾಗಿ ಈಗಾಗಲೇ ಗೊತ್ತಿರುವವರೇ ಭೇಟಿಯಾಗುತ್ತಾರೆ. ಒಂದೇ ಕಡೆ ಇಡಿ, ಆದರೆ ಎರಡು ಮಷೀನು. 11 ಗಂಟೆಯ ಹೊತ್ತಿಗೆ 15 ನಿಮಿಷದಲ್ಲಿ 30 ಜನ ಬರುತ್ತಾರೆ ಅಂದುಕೊಳ್ಳಿ, ಅಂದರೆ ನಿಮಿಷಕ್ಕೆ ಇಬ್ಬರು. ಒಂದು ಕಪ್ಪಿಗೆ 40 ಸೆಕೆಂಡ್ ಹಿಡಿದರೆ ಒಂದು ಮಷೀನು ನಿಮಿಷಕ್ಕೆ ಒಂದೂವರೆ ಕಪ್ ಕೊಡುತ್ತದೆ. ಹದಿನೈದನೇ ನಿಮಿಷಕ್ಕೆ ಏಳೆಂಟು ಜನ ಸಾಲಿನಲ್ಲಿ, ಕೊನೆಯವರಿಗೆ ಐದು ನಿಮಿಷ ಕಾಯುವಿಕೆ. ಅಷ್ಟಾದರೆ ಜನ ಫೋನ್ ತೆಗೆಯುತ್ತಾರೆ ಅಥವಾ ವಾಪಸ್ ಹೋಗುತ್ತಾರೆ. ಎರಡು ಮಷೀನಿದ್ದರೆ ಸಾಲು ಕಟ್ಟುವುದಿಲ್ಲ, ಆದರೂ ಕಪ್ ತುಂಬುವವರೆಗೆ ನಿಲ್ಲಲೇಬೇಕು. ಒಂದರಿಂದ ಎರಡು ನಿಮಿಷದ ನಿಲುಗಡೆ ಮಾತು ಶುರುವಾಗಲು ಹದವಾದದ್ದು. ಎರಡನ್ನೂ ಅಂಟಿಸಿ ಇಡಬೇಡಿ, 1.2ರಿಂದ 1.5 ಮೀಟರ್ ಅಂತರವಿರಲಿ, ಸಕ್ಕರೆ-ಚಮಚ-ಟಿಶ್ಯೂ ನಡುವೆ ಇರಲಿ. ಎರಡೂ ಸಾಲಿನವರ ಕೈ ಅಲ್ಲಿಗೇ ಬರಬೇಕು.

ಎರಡು ಮಹಡಿ ಬೆರೆಸುವುದು ಕಷ್ಟದ ಪ್ರಶ್ನೆ. ಒಂದು ಮಹಡಿ ಹತ್ತುವುದನ್ನು ಜನ ಅದೇ ಮಹಡಿಯ ದೂರದ ತುದಿಗೆ ನಡೆಯುವುದಕ್ಕಿಂತ ದೊಡ್ಡ ಅಡ್ಡಿಯಾಗಿ ಕಾಣುತ್ತಾರೆ, ಕಾರಣ ಮೇಲೆ ಯಾರಿದ್ದಾರೆ ಅಂತ ಕಾಣುವುದೇ ಇಲ್ಲ. ನಡುವೆ ಸ್ಲ್ಯಾಬ್ ಕತ್ತರಿಸಿ ಒಳಮೆಟ್ಟಿಲು ಮಾಡುವುದು ಒಳ್ಳೆಯ ದಾರಿ, ಆದರೆ ಅದಕ್ಕೆ ಸ್ಟ್ರಕ್ಚರಲ್ ಎಂಜಿನಿಯರು, ಕಟ್ಟಡದ ಮಾಲೀಕರು, ಅಗ್ನಿಶಾಮಕ ನಿಯಮ ಮೂರೂ ಒಪ್ಪಬೇಕು. ಆಗುವುದಿದ್ದರೆ 1.5 ಮೀಟರ್ ಅಗಲ ಇಡಿ, ಇಬ್ಬರು ಪಕ್ಕಪಕ್ಕ ಇಳಿಯುವಾಗ ಎದುರಿನವರು ಬರುವಷ್ಟು. ಈಗಿರುವ ಫೈರ್ ಮೆಟ್ಟಿಲನ್ನು ಇದಕ್ಕೆ ಬಳಸಬೇಡಿ. ತಾನಾಗಿ ಮುಚ್ಚಿಕೊಳ್ಳುವ ಆ ಬಾಗಿಲಿಗೆ ಯಾರಾದರೂ ಕಲ್ಲೋ ಕುರ್ಚಿಯೋ ಅಡ್ಡ ಇಡುತ್ತಾರೆ, ಬೆಂಕಿ ಬಿದ್ದರೆ ಹೊಗೆ ನೇರ ಮೇಲಿನ ಮಹಡಿಗೆ.

ಮೆಟ್ಟಿಲು ಆಗದಿದ್ದರೆ ಊಟದ ಹಾಲನ್ನು ಒಂದೇ ಮಹಡಿಯಲ್ಲಿಟ್ಟು ದೊಡ್ಡ ಮೀಟಿಂಗ್ ರೂಮನ್ನು ಇನ್ನೊಂದರಲ್ಲಿಡಿ. ಊಟದ ಮೇಜು ನಾಲ್ಕು ಜನರದ್ದಾದರೆ ಬಂದ ಗುಂಪೇ ಕೂತು ಏಳುತ್ತದೆ. ಹತ್ತು-ಹನ್ನೆರಡು ಜನರ ಉದ್ದ ಮೇಜಾದರೆ ಎರಡು ಗುಂಪು ಪಕ್ಕಪಕ್ಕ ಬೀಳುತ್ತವೆ. ಆದರೆ ಶೌಚಾಲಯದಂಥ ಅಗತ್ಯವನ್ನು ಬೆರೆಸಲು ಬಳಸಬೇಡಿ. ಪಿಕ್ಸಾರ್ ಸ್ಟುಡಿಯೋ ಕಟ್ಟಡದಲ್ಲಿ ಶೌಚಾಲಯಗಳನ್ನು ನಡುಅಂಕಣದಲ್ಲಿ ಮಾತ್ರ ಇಡಬೇಕು ಅಂತ ಸ್ಟೀವ್ ಜಾಬ್ಸ್ ಹಟ ಹಿಡಿದಿದ್ದರು, ವಿರೋಧ ಬಂದು ಕೈಬಿಡಬೇಕಾಯಿತು.

ಮೂಲೆಸೀಟು:

ಎಲ್ಲರೂ ಸೆಂಟಿಮೀಟರ್ ಹೇಳುತ್ತಿದ್ದೀರಿ. ಸರಿಯೇ. ಆದರೆ ನಕ್ಷೆಗಾರರು ಬಿಟ್ಟ ನಾಲ್ಕನೆಯ ಸಂಗತಿ ಇಲ್ಲದೆ ಮೊದಲ ಮೂರಕ್ಕೆ ಬೆಲೆ ಇಲ್ಲ. ಕೆಲವು ನೇರ ಪ್ರಶ್ನೆಗಳು.

ಹೊಸ ಪ್ಯಾಂಟ್ರಿ ಯಾವುದಾದರೂ ಮ್ಯಾನೇಜರ್ ಕ್ಯಾಬಿನ್ನಿನ ಗಾಜಿಗೆ ಎದುರಾಗಿ ಬರುತ್ತದೆಯೇ? ಬಂದರೆ ಗಾಜಿಗೆ ಎದೆಮಟ್ಟದಿಂದ 1.7 ಮೀಟರ್‌ವರೆಗೆ ಮಬ್ಬು ಫಿಲ್ಮ್ ಅಂಟಿಸಿ, ಅಥವಾ ಕ್ಯಾಬಿನ್ ಬದಲಿಸಿ. ಸಿಸಿಟಿವಿ ಕ್ಯಾಮೆರಾ ಪ್ಯಾಂಟ್ರಿಯ ಮೇಲೇ ಇದೆಯೇ? ಪ್ರವೇಶದ ಬಾಗಿಲಿಗೆ ತಿರುಗಿಸಿ. ಬ್ರೇಕಿಗೆ ಪಂಚ್ ಮಾಡಿ ಹೋಗಬೇಕೇ? ಹಾಗಿದ್ದರೆ ಮೇಜು ಕುರ್ಚಿಗೆ ಖರ್ಚು ಮಾಡುವುದೇ ದಂಡ. "ಏನು, ಇಲ್ಲೇ ಇದ್ದೀರಾ ಇನ್ನೂ?" ಅಂತ ಮೇಲಿನವರು ಒಮ್ಮೆ ನಗುತ್ತಾ ಕೇಳಿದರೂ ಸಾಕು, ಆರು ತಿಂಗಳು ಯಾರೂ ನಿಲ್ಲುವುದಿಲ್ಲ. ಅವರ ಕ್ಯಾಬಿನ್ನಿಗೆ ಕಾಫಿ ತಂದುಕೊಡುವ ಪದ್ಧತಿ ಇದ್ದರೆ ಮೊದಲು ಅದನ್ನು ನಿಲ್ಲಿಸಿ, ಅವರೂ ಸಾಲಿನಲ್ಲಿ ನಿಲ್ಲಲಿ.

ಇನ್ನೊಂದು, ಮಾತು ಬೇಡದವರೂ ಇದ್ದಾರೆ. ಕಿಮ್ ಮತ್ತು ಡಿ ಡಿಯರ್ ಅನ್ನುವ ಸಂಶೋಧಕರು 2013ರಲ್ಲಿ 42,000ಕ್ಕೂ ಹೆಚ್ಚು ಜನರ ಸಮೀಕ್ಷೆಯನ್ನು ವಿಶ್ಲೇಷಿಸಿದಾಗ, ತೆರೆದ ಕಚೇರಿಯಲ್ಲಿ ಮಾತು ಸುಲಭವಾಗುವ ಲಾಭಕ್ಕಿಂತ ಗದ್ದಲ ಮತ್ತು ಖಾಸಗಿತನ ಕಳೆದುಕೊಳ್ಳುವ ನಷ್ಟವೇ ದೊಡ್ಡದು ಅಂತ ಕಂಡಿತು. ಪಶ್ಚಿಮದ ತುದಿಯ ಹಳೆ ಪ್ಯಾಂಟ್ರಿ ಕೋಣೆ ಖಾಲಿಯಾಗುತ್ತದಲ್ಲ, ಅದನ್ನು ಮಾತಿಲ್ಲದ ಕೋಣೆ ಮಾಡಿ: ಆರು ಡೆಸ್ಕು, ಫೋನ್ ನಿಷೇಧ, ಬಾಗಿಲು ಹಾಗೇ ಇರಲಿ. ತಪ್ಪಿಸಿಕೊಳ್ಳಲು ಜಾಗವಿದೆ ಅಂತ ಗೊತ್ತಿರುವವರು ಪ್ಯಾಂಟ್ರಿ ಹತ್ತಿರ ಹೆಚ್ಚು ಧೈರ್ಯವಾಗಿ ಸುಳಿಯುತ್ತಾರೆ.

ವಾರದಲ್ಲಿ ಕೆಲವು ದಿನ ಮನೆಯಿಂದ ಕೆಲಸ ಇದ್ದರೆ, ಮೊದಲು ಯಾರು ಯಾವ ದಿನ ಬರುತ್ತಾರೆ ನೋಡಿ. 80 ಜನರ ಮಹಡಿಯಲ್ಲಿ 25 ಜನ ಅಲ್ಲಲ್ಲಿ ಚದುರಿ ಕೂತರೆ ಯಾವ ಪ್ಯಾಂಟ್ರಿಯೂ ಏನೂ ಮಾಡುವುದಿಲ್ಲ. ಅಂಥ ದಿನ ಪೂರ್ವಾರ್ಧದ ಸೀಟು ಮಾತ್ರ ತೆರೆಯಿರಿ, ಪಶ್ಚಿಮಾರ್ಧದ ದೀಪ, ಏಸಿ ಆರಿಸಿ.

ಅಡ್ಮಿನ್_ಮೇಜು:

ಮಬ್ಬು ಫಿಲ್ಮ್ ವಿಷಯ ಈಗಲೇ ಬರೆದುಕೊಂಡೆ, ಒಂದು ಕ್ಯಾಬಿನ್ ನಿಜಕ್ಕೂ ಎದುರಿಗೇ ಬರುತ್ತದೆ. ಕೊನೆಯ ಪ್ರಶ್ನೆ. ಇದೆಲ್ಲ ಮಾಡಿದ ಮೇಲೆ ಫಲ ಬಂತೋ ಇಲ್ಲವೋ ಅಂತ ಮೇಲಿನವರಿಗೆ ತೋರಿಸೋದು ಹೇಗೆ? ಬ್ಯಾಡ್ಜ್ ಸೆನ್ಸರ್ ಹಾಕೋಣ ಅಂತ ಒಬ್ಬರು ಹೇಳುತ್ತಿದ್ದಾರೆ.

ಎಣಿಕೆ:

ಸೆನ್ಸರ್ ಬೇಡ. ಅಳೆಯುತ್ತಿದ್ದಾರೆ ಅಂತ ಗೊತ್ತಾದರೆ ಜನ ಬೇರೆ ರೀತಿ ನಡೆದುಕೊಳ್ಳುತ್ತಾರೆ, ಮೂಲೆಸೀಟು ಹೇಳಿದ ಧೈರ್ಯವೂ ಹೋಗುತ್ತದೆ. ಕಾಗದ ಮತ್ತು ಪೆನ್ಸಿಲ್ ಸಾಕು.

ಬದಲಾವಣೆಗೆ ಮುಂಚೆ ಒಂದು ವಾರದಲ್ಲಿ ಮೂರು ದಿನ ಆರಿಸಿ, ತಿಂಗಳ ಕೊನೆ ಮತ್ತು ರಜೆಯ ಹಿಂದುಮುಂದಿನ ದಿನ ಬಿಟ್ಟು. ದಿನಕ್ಕೆ 15 ನಿಮಿಷದ ನಾಲ್ಕು ಸರದಿ: ಬೆಳಗ್ಗೆ ಬಂದ ಕೂಡಲೇ, 11ಕ್ಕೆ, ಊಟದ ನಂತರ, 4ಕ್ಕೆ. ಪ್ರತಿ ಸರದಿಯಲ್ಲಿ ನಾಲ್ಕೇ ಅಂಕಿ ಬರೆಯಿರಿ: ಎಷ್ಟು ಜನ ಹಾದುಹೋದರು, ಎಷ್ಟು ಜನ ನಿಂತರು, ಎಷ್ಟು ಮಾತು 30 ಸೆಕೆಂಡ್ ದಾಟಿತು, ಅದರಲ್ಲಿ ಬೇರೆ ಬೇರೆ ತಂಡದವರ ಮಾತು ಎಷ್ಟು. ಹೆಸರು ಬರೆಯಬೇಡಿ, ಮಾತಿನ ವಿಷಯವನ್ನೂ ಬರೆಯಬೇಡಿ. ಇಂಥ ಎಣಿಕೆ ನಡೆಯುತ್ತಿದೆ ಅಂತ ಎಲ್ಲರಿಗೂ ಒಂದು ಸಾಲಿನ ಮೇಲ್ ಹಾಕಿ.

ಬದಲಾವಣೆಯಾದ ಮೊದಲ ತಿಂಗಳ ಅಂಕಿ ನಂಬಬೇಡಿ. ಹೊಸ ಜಾಗ ನೋಡಲೆಂದೇ ಜನ ಬರುತ್ತಾರೆ. ಆರು ಅಥವಾ ಎಂಟು ವಾರ ಬಿಟ್ಟು ಅದೇ ವಾರದ ದಿನಗಳಲ್ಲಿ, ಅದೇ ಸರದಿಗಳಲ್ಲಿ ಮತ್ತೆ ಎಣಿಸಿ.

ಅಂಕಿ ಓದುವ ರೀತಿ ಹೀಗೆ. ಹಾದುಹೋಗುವವರೇ ಕಡಿಮೆ ಇದ್ದರೆ ಜಾಗ ತಪ್ಪು. ಹಾದುಹೋಗುವವರು ಹೆಚ್ಚು, ನಿಲ್ಲುವವರು ಕಡಿಮೆ ಇದ್ದರೆ ನಿಲ್ಲಲು ನೆಪವೋ ಅಗಲವೋ ಸಾಲದು. ನಿಲ್ಲುತ್ತಾರೆ, 30 ಸೆಕೆಂಡ್ ದಾಟುವುದಿಲ್ಲ ಅಂದರೆ ಸದ್ದು ಅಥವಾ ಯಾರದೋ ಕಣ್ಣು. ಮಾತು ಉದ್ದವಾಗಿದೆ, ಆದರೆ ಒಂದೇ ತಂಡದವರದ್ದು ಅಂದರೆ ಸೀಟು ಜೋಡಣೆ ನೋಡಿ. ಜೊತೆಗೆ ಮೀಟಿಂಗ್ ರೂಮ್ ಬುಕಿಂಗ್ ಪಟ್ಟಿಯಿಂದ ಇಬ್ಬರು-ಮೂವರ, 30 ನಿಮಿಷದೊಳಗಿನ ಬುಕಿಂಗ್ ಎಷ್ಟು ಅಂತ ತೆಗೆಯಿರಿ. ನಿಮ್ಮ ಮೇಲಿನವರ ಮೂಲ ದೂರು ಅದೇ ತಾನೇ. ಆ ಸಂಖ್ಯೆ ಇಳಿದರೆ ತೋರಿಸಲು ಬೇರೆ ಗ್ರಾಫ್ ಬೇಕಿಲ್ಲ.

ಮತ್ತೆ, ಮೇಲಿನ ಮಹಡಿಯನ್ನು ಮೊದಲು ಬದಲಾಯಿಸಿ, ಕೆಳಗಿನದನ್ನು ಎರಡು ತಿಂಗಳು ಹಾಗೇ ಬಿಡಿ. ಎರಡನ್ನೂ ಒಟ್ಟಿಗೆ ಎಣಿಸಿದರೆ, ಬದಲಾವಣೆ ಜಾಗದಿಂದ ಬಂತೋ ಆ ತಿಂಗಳ ಕೆಲಸದ ಒತ್ತಡದಿಂದ ಬಂತೋ ಅನ್ನುವುದೂ ತಿಳಿಯುತ್ತದೆ. ಪ್ಯಾಂಟ್ರಿಯ ಮೇಜುಗಳನ್ನು ಅಲ್ಲಿಯವರೆಗೆ ನೆಲಕ್ಕೆ ಸ್ಕ್ರೂ ಹಾಕಿಸಬೇಡಿ.